ಮುನ್ಸೂಚನೆ ಖಚಿತವಿಲ್ಲದಿದ್ದರೂ ಜನರನ್ನು ಏಕೆ ತೆರವು ಮಾಡಿಸುತ್ತಾರೆ?

ಪ್ರಶ್ನೆ: ಚಂಡಮಾರುತ ಅಪ್ಪಳಿಸುವ ಸಾಧ್ಯತೆ ಶೇ. 30 ಮಾತ್ರ ಎಂದು ಹವಾಮಾನ ಇಲಾಖೆಯವರೇ ಹೇಳುತ್ತಾರೆ. ಆದರೂ ಅಧಿಕಾರಿಗಳು ಮನೆ ಬಿಟ್ಟು ಹೊರಡಿ ಎನ್ನುತ್ತಾರೆ. ಇನ್ನೊಂದು ದಿನ ಕಾದು, ಖಚಿತವಾದ ಮೇಲೆ ಹೇಳಬಾರದೇ?

ಉತ್ತರ: ಕಾಯಲು ಸಮಯವಿದ್ದರೆ ಎಲ್ಲರೂ ಕಾಯುತ್ತಿದ್ದರು. ಮುನ್ಸೂಚನೆ ಖಚಿತವಾಗುವ ಹೊತ್ತಿಗೆ ಜನರನ್ನು ಸಾಗಿಸುವ ಸಮಯ ಮುಗಿದುಹೋಗಿರುತ್ತದೆ. ಕಷ್ಟ ಇರುವುದೇ ಅಲ್ಲಿ.

ವಿಪತ್ತು ನಿರ್ವಹಣೆಯವರು ಗಡಿಯಾರವನ್ನು ಹಿಂದಿನಿಂದ ಎಣಿಸುತ್ತಾರೆ. ಮಾರುತ ಶನಿವಾರ ರಾತ್ರಿ 12ಕ್ಕೆ ದಡ ಮುಟ್ಟುತ್ತದೆ ಎಂದುಕೊಳ್ಳಿ. ತೆರವಿಗೆ ಗಡುವು ಅದಲ್ಲ. ಗಾಳಿಯ ವೇಗ ಗಂಟೆಗೆ 60 ಕಿ.ಮೀ. ದಾಟಿದರೆ ಸೇತುವೆ ಮೇಲೆ ಜನ ತುಂಬಿದ ಬಸ್ಸು ಓಡಿಸುವುದು ಅಪಾಯ. ಆ ಗಾಳಿ ಶನಿವಾರ ಮಧ್ಯಾಹ್ನಕ್ಕೇ ಬಂದುಬಿಡಬಹುದು. ತಗ್ಗು ಪ್ರದೇಶದ ಜನರನ್ನೆಲ್ಲ ಸಾಗಿಸಲು 24 ಗಂಟೆ ಬೇಕೆಂದರೆ ಮೊದಲ ಬಸ್ಸು ಶುಕ್ರವಾರ ಮಧ್ಯಾಹ್ನ ಹೊರಡಬೇಕು. ಚಾಲಕರನ್ನು ಕರೆಸಿ, ಆಶ್ರಯ ಕೇಂದ್ರ ತೆರೆದು, ನೀರು, ಔಷಧಿ ಹೊಂದಿಸಲು ಇನ್ನೊಂದು 12 ಗಂಟೆ. ಅಲ್ಲಿಗೆ ಆದೇಶಕ್ಕೆ ಸಹಿ ಬೀಳಬೇಕಾದದ್ದು ಗುರುವಾರ ರಾತ್ರಿ, ಅಂದರೆ ಮಾರುತ ಬರುವುದಕ್ಕೆ ಎರಡು ದಿನ ಮೊದಲು. ಅಷ್ಟು ಮುಂಚಿತವಾಗಿ ಹೇಳಿದ ಪಥದಿಂದ ಕೇಂದ್ರಬಿಂದು ನೂರು ಕಿಲೋಮೀಟರ್ ಆಚೀಚೆಯಾಗುವುದು ಇಂದಿಗೂ ಸಾಮಾನ್ಯ. ಅಧಿಕಾರಿ ಸಹಿ ಮಾಡುವುದು ಆ ಅನಿಶ್ಚಿತತೆಯ ನಡುವೆಯೇ.

ಹಾಗಾದರೆ ಶೇ. 30 ಸಾಕೇ? ಅದು ಎರಡು ನಷ್ಟಗಳ ಲೆಕ್ಕ. ಸುಮ್ಮನೆ ತೆರವು ಮಾಡಿಸಿದರೆ ಆಗುವ ನಷ್ಟ 1 ಪಾಲು, ತೆರವು ಮಾಡಿಸದೆ ಮಾರುತ ಬಡಿದರೆ ತೆರವಿನಿಂದ ತಪ್ಪಿಸಬಹುದಾಗಿದ್ದ ನಷ್ಟ 10 ಪಾಲು ಎಂದಾದರೆ, ಸಾಧ್ಯತೆ ಶೇ. 10 ದಾಟಿದಾಗಲೇ ಹೊರಡಿಸುವುದು ಲಾಭ. ಪ್ರಾಣವೇ ಪಣವಾದಾಗ ಆ ಗೆರೆ ಇನ್ನೂ ಕೆಳಗಿಳಿಯುತ್ತದೆ. ಅದೇ ಶೇ. 30ಕ್ಕೆ ಶಾಲಾ ಆಟದ ಕೂಟವನ್ನು ಮುಂದೂಡಬೇಕಿಲ್ಲ, ಆಸ್ಪತ್ರೆಯ ತೀವ್ರ ನಿಗಾ ಘಟಕದ ರೋಗಿಗಳನ್ನು ಸ್ಥಳಾಂತರಿಸಬೇಕಾಗಬಹುದು. ಆ ಸ್ಥಳಾಂತರದಲ್ಲೂ ರೋಗಿಯ ಜೀವಕ್ಕೆ ಅಪಾಯವಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ತೆರವು ಯಾವಾಗಲೂ ಸುರಕ್ಷಿತ ಆಯ್ಕೆ ಎಂದು ನಾನು ಹೇಳುವುದಿಲ್ಲ.

ಈ ಶೇಕಡಾವಾರು ಊಹೆಯೂ ಅಲ್ಲ. ವಾತಾವರಣದ ಇಂದಿನ ಸ್ಥಿತಿಯನ್ನು ಯಾರೂ ಪೂರ್ತಿ ಕರಾರುವಾಕ್ಕಾಗಿ ಅಳೆಯಲಾರರು. ಹಾಗಾಗಿ ಆರಂಭದ ಅಂಕಿಗಳನ್ನು ಚೂರುಪಾರು ಬದಲಿಸಿ ಕಂಪ್ಯೂಟರ್ ಮಾದರಿಯನ್ನು ಹತ್ತಾರು ಸಲ ಓಡಿಸುತ್ತಾರೆ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ 1992ರಿಂದಲೂ ಹೀಗೆ ಮಾಡುತ್ತಿದೆ. ಎಲ್ಲ ಓಟಗಳೂ ಒಂದೇ ಕಡೆ ಸಾಗಿದರೆ ಭರವಸೆ ಹೆಚ್ಚು, ಚದುರಿದರೆ ಕಡಿಮೆ. ಆ ಚದುರುವಿಕೆಯೇ ನಿರ್ಧಾರ ಮಾಡುವವರಿಗೆ ಬೇಕಾದ ಮುಖ್ಯ ಮಾಹಿತಿ.

ಅದನ್ನು ಮುಚ್ಚಿಟ್ಟು ಒಂದೇ ಅಂಕಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1997ರಲ್ಲಿ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ಸಾಕ್ಷಿ. ರೆಡ್ ನದಿ 49 ಅಡಿ ಏರಬಹುದೆಂದು ವಾರಗಳ ಮೊದಲೇ ಮುನ್ಸೂಚನೆ ಬಂತು. 1979ರ ಪ್ರವಾಹದಲ್ಲಿ ನೀರು 48.8 ಅಡಿ ಮುಟ್ಟಿ ಇಳಿದಿತ್ತು. ಆಗ ತಡೆದವರು ಈಗಲೂ ತಡೆದೇವು ಎಂದುಕೊಂಡರು. 49ರ ಮೇಲೆ ಒಂದಿಷ್ಟು ಸೇರಿಸಿ, ಸುಮಾರು 52 ಅಡಿಗೆ ಒಡ್ಡು ಕಟ್ಟಿದರು. ನದಿ 54 ಅಡಿ ದಾಟಿತು. ಹೆಚ್ಚುಕಡಿಮೆ ಇಡೀ ಊರು ಖಾಲಿಯಾಯಿತು, ನೀರಿನ ನಡುವೆಯೇ ಪೇಟೆಯ ಕಟ್ಟಡಗಳು ಹೊತ್ತಿ ಉರಿದವು. ಐದು ಅಡಿಯ ವ್ಯತ್ಯಾಸ ಅಂಥ ಮುನ್ಸೂಚನೆಗೆ ಅಪರೂಪವೇನಲ್ಲ. ಆದರೆ ಅಷ್ಟು ಏರುಪೇರಾಗಬಹುದು ಎಂಬ ಮಾತು ಮರಳಿನ ಚೀಲ ಹೊತ್ತವರ ಕಿವಿಗೆ ಬಿದ್ದಿರಲಿಲ್ಲ. ನನ್ನ ದೃಷ್ಟಿಯಲ್ಲಿ ಅಲ್ಲಿ ಸೋತದ್ದು ಲೆಕ್ಕಕ್ಕಿಂತ ಹೆಚ್ಚಾಗಿ ಸಂವಹನ.

ಮುನ್ಸೂಚನೆ ಚೆನ್ನಾಗಿ ಬಳಕೆಯಾದಾಗ ಆಗುವ ವ್ಯತ್ಯಾಸಕ್ಕೆ ಒಡಿಶಾ ನೋಡಿ. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಬರುವ ಮೊದಲು ಹತ್ತಿರ ಹತ್ತಿರ 10 ಲಕ್ಷ ಜನರನ್ನು ಸ್ಥಳಾಂತರಿಸಿದರು, ಸಾವಿನ ಸಂಖ್ಯೆ ಎರಡಂಕಿಯಲ್ಲೇ ನಿಂತಿತು. ಒಳ್ಳೆಯ ಮುನ್ಸೂಚನೆಯೊಂದೇ ಇದಕ್ಕೆ ಕಾರಣವಲ್ಲ. ನಡುವಿನ ವರ್ಷಗಳಲ್ಲಿ ಆಶ್ರಯ ಕಟ್ಟಡಗಳು ಎದ್ದಿದ್ದವು, ಯಾರು ಯಾರನ್ನು ಎಬ್ಬಿಸಬೇಕು ಎಂಬುದು ಹಳ್ಳಿಹಳ್ಳಿಯಲ್ಲೂ ಗೊತ್ತಿತ್ತು.

ನಿಜ, ತೆರವು ಮಾಡಿಸಿದ ಮೇಲೆ ಏನೂ ಆಗದೆ ಹೋಗುವುದೂ ಉಂಟು. ಶೇ. 30 ಎಂದಾಗ ಹತ್ತರಲ್ಲಿ ಏಳು ಸಲ ಹಾಗೇ ಆಗಬೇಕು, ಇಲ್ಲದಿದ್ದರೆ ಆ ಅಂಕಿಯೇ ತಪ್ಪು. ಆದರೆ ಕೂಲಿ ಬಿಟ್ಟು, ಜಾನುವಾರು ಬಿಟ್ಟು ಹೋದವರಿಗೆ ಈ ಗಣಿತ ಸಮಾಧಾನ ಕೊಡುವುದಿಲ್ಲ. ಅದಕ್ಕೇ ಅನುಭವಿಗಳು ಒಂದೇ ಏಟಿಗೆ ದೊಡ್ಡ ಆದೇಶ ಹೊರಡಿಸುವುದಿಲ್ಲ. ನಾಲ್ಕೈದು ದಿನ ಮೊದಲು ಸಿಬ್ಬಂದಿಯ ರಜೆ ರದ್ದು ಮಾಡುತ್ತಾರೆ, ಜನರೇಟರಿಗೆ ಡೀಸೆಲ್ ತುಂಬಿಸುತ್ತಾರೆ. ಮುನ್ಸೂಚನೆ ಗಟ್ಟಿಯಾದಂತೆ ನಡೆಯಲಾಗದ ವೃದ್ಧರು, ಗರ್ಭಿಣಿಯರು, ರೋಗಿಗಳನ್ನು ಸಾಗಿಸುತ್ತಾರೆ. ಉಳಿದವರ ಸರದಿ ಆಮೇಲೆ. ಮಾರುತ ಪಕ್ಕಕ್ಕೆ ಸರಿದರೆ ಮೊದಲ ಹಂತಗಳಲ್ಲಿ ಕಳೆದುಕೊಂಡದ್ದು ಅಲ್ಪ. ಮಾರುತ ತಪ್ಪಿಹೋದ ಮರುದಿನವೇ ಅಧಿಕಾರಿಗಳು ಜನರೆದುರು ನಿಂತು, ಆ ರಾತ್ರಿ ತಮಗೆ ಗೊತ್ತಿದ್ದದ್ದೇನು, ಏಕೆ ಹೊರಡಿಸಿದೆವು ಎಂದು ಬಿಡಿಸಿ ಹೇಳಬೇಕು. ಬಿಟ್ಟುಹೋದ ದಿನಗಳ ಕೂಲಿಗೆ ಏನಾದರೂ ಪರಿಹಾರವೂ ಸಿಗಬೇಕು. ಇವೆರಡೂ ಆಗದಿದ್ದರೆ ಮುಂದಿನ ಸಲ ಬಸ್ಸು ಬಂದಾಗ ಜನ ಹತ್ತುವುದಿಲ್ಲ.