ದುಡಿಯ ಹಿಂದೆ ಕೆಮ್ಮಿದವರು ಯಾರು?

ಕಕ್ಕಡದ, ಅಂದರೆ ಕೊಡಗಿನ ಆಟಿ ತಿಂಗಳ, ಮಳೆ ತುಸು ಬಿಡುವು ಕೊಟ್ಟ ರಾತ್ರಿ, ಕಳೆದ ಪುತ್ತರಿ ಸುಗ್ಗಿಹಬ್ಬಕ್ಕೆ ಐನ್‌ಮನೆಯಲ್ಲಿ (ಕುಲದ ಹಿರಿಮನೆಯಲ್ಲಿ) ಎರಡೇ ಮೈಕ್ ಇಟ್ಟು ಮುದ್ರಿಸಿಕೊಂಡಿದ್ದ ದುಡಿಕೊಟ್ಟ್ ಪಾಟ್, ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತ ಹಾಡುವ ಹಾಡು, ಹಾಕಿದೆ. ಹಾಡಿದವರು ನಾಲ್ವರು: ಇಬ್ಬರು ಮುಂದೆ, ಇಬ್ಬರು ಹಿಂದೆ. ಸ್ಪೀಕರಿನಲ್ಲಿ ಮಾತ್ರ ನಾಲ್ವರೂ ಒಂದೇ ಗೋಡೆಗೆ ಒರಗಿ ನಿಂತಂತಿತ್ತು. ಶೋಕೇಸಿನಲ್ಲಿ ತುರುಕಿದ್ದ ಸ್ಪೀಕರುಗಳನ್ನು ಹೊರತೆಗೆದು, ಗೋಡೆಯಿಂದ ಮೂರು ಅಡಿ ಮುಂದೆ ಸ್ಟೂಲುಗಳ ಮೇಲಿಟ್ಟೆ. ಪಕ್ಕದ ಬರಿಗೋಡೆಗೆ ದಪ್ಪ ಕಂಬಳಿ ಇಳಿಬಿಟ್ಟೆ. ಹಿಂದಿನ ಇಬ್ಬರು ನಿಜಕ್ಕೂ ಹಿಂದಕ್ಕೆ ಸರಿದರು. ಅವರಿಗೂ ಆಚೆ, ಅಂಗಳದಲ್ಲಿ ಯಾರೋ ಕೆಮ್ಮಿದರು.

ಎರಡು ಕಿವಿಗೆ ಎರಡು ದನಿ ಕೊಡುವ ಉಪಾಯ ಹಳೆಯದು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾ ಆದೆರ್ ಒಪೆರಾ ವೇದಿಕೆಯಿಂದ ಟೆಲಿಫೋನ್ ತಂತಿ ಎಳೆದು, ಕೇಳುಗರ ಎರಡೂ ಕಿವಿಗೆ ಬೇರೆ ಬೇರೆ ರಿಸೀವರ್ ಕೊಟ್ಟಿದ್ದ. ಎಡ ಬಲ ನಮಗೆ ತಿಳಿಯುವುದು ಹೇಗೆಂದು 1907ರಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲಿ ವಿವರಿಸಿದರು. ತಗ್ಗುಸ್ವರಕ್ಕೆ ಎರಡು ಕಿವಿಗಳ ನಡುವಿನ ಅಲೆಯ ಅಂತರ, ಏರುಸ್ವರಕ್ಕೆ ತಲೆಯ ಮರೆ. ದನಿ ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪುವ ಹೊತ್ತಿನ ಅಂತರ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ.

ಆಳದ ಲೆಕ್ಕವೇ ಬೇರೆ. ಹತ್ತಿರದವನ ದನಿ ನೇರವಾಗಿ, ಗಟ್ಟಿಯಾಗಿ ಬರುತ್ತದೆ. ಕೋಣೆಯ ಅನುರಣನ, ಅಂದರೆ ಗೋಡೆಗಳಿಂದ ಪುಟಿದು ಉಳಿಯುವ ದನಿ, ತಡವಾಗಿ, ಸಣ್ಣಗೆ ಹಿಂಬಾಲಿಸುತ್ತದೆ. ದೂರದವನದು ಅನುರಣನದಲ್ಲಿ ಅದ್ದಿಕೊಂಡೇ ಬರುತ್ತದೆ. ಗದ್ದೆಯಾಚೆಯ ದುಡಿಯಾದರೆ ಚರ್ಮದ ಚುರುಕೂ ದಾರಿಯಲ್ಲೇ ಸವೆದಿರುತ್ತದೆ.

1931ರಲ್ಲಿ ಲಂಡನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದ. ಒಂದೇ ಜಾಗದಲ್ಲಿ ಎರಡು ಮೈಕ್‌ಗಳನ್ನು ಲಂಬಕೋನದಲ್ಲಿಟ್ಟು ಮುದ್ರಿಸುವ ಅವನ ವಿಧಾನದಲ್ಲಿ ಹಾಡುಗಾರರ ಜೊತೆ ಸಭಾಂಗಣವೂ ಸೆರೆಯಾಗುತ್ತದೆ. ರೆಕಾರ್ಡಿನ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ದನಿ ಕೊರೆಯುವುದನ್ನೂ ಅವನೇ ಯೋಚಿಸಿದ್ದ. ಅಂಥ ಡಿಸ್ಕ್ ಅಂಗಡಿಗೆ ಬರಲು 1958 ಆಯಿತು. ಅವನು 1942ರಲ್ಲೇ ರೇಡಾರ್ ಪರೀಕ್ಷೆಯ ವಿಮಾನ ಬಿದ್ದು ತೀರಿಕೊಂಡಿದ್ದ, ವಯಸ್ಸು 38.

ಮುಂದೆ ಹಲವು ಟ್ರ್ಯಾಕ್‌ಗಳ ಕಾಲ ಬಂತು. ಒಬ್ಬೊಬ್ಬರ ಬಾಯಿಗೂ ಒಂದೊಂದು ಮೈಕ್ ಹಿಡಿದು, ಗುಂಡಿ ತಿರುಗಿಸಿ ಎಡಕ್ಕೋ ಬಲಕ್ಕೋ ಕೂರಿಸಿದರು. ದೂರವನ್ನು ಕೃತಕ ಅನುರಣನದಿಂದ ಬಳಿದರು. ಅಂಥ ಹಾಡಿಗೆ ನನ್ನ ಕಂಬಳಿಯಿಂದ ಏನೂ ಆಗುವುದಿಲ್ಲ.

ಉಳಿದದ್ದನ್ನು ಮನೆಯೇ ಕೆಡಿಸುತ್ತದೆ. ರೆಡ್ ಆಕ್ಸೈಡ್ ನೆಲ, ಗಾಜಿನ ಕಿಟಕಿ, ಬರಿಗೋಡೆಗಳಿಂದ ಪುಟಿದ ದನಿ ಐನ್‌ಮನೆಯ ಅನುರಣನದ ಮೇಲೆ ನಮ್ಮ ಹಜಾರದ್ದನ್ನು ಹೇರುತ್ತದೆ. ದುಬಾರಿ ತಂತಿ ಕೊಳ್ಳುವ ಮೊದಲು ಸೋಫಾ ಎಳೆದು, ಎರಡು ಸ್ಪೀಕರು ಮತ್ತು ನೀವು ಸಮಬಾಹು ತ್ರಿಕೋನವಾಗುವಂತೆ ಕುಳಿತು ನೋಡಿ.

ಹೆಂಚಿನ ಮೇಲೆ ಮಳೆ ಮತ್ತೆ ಹಿಡಿದಾಗ ಮೊದಲು ಕಾಣೆಯಾದವರು ಕೆಮ್ಮಿದವರು. ಆಮೇಲೆ ಅನುರಣನದ ಬಾಲ ಮುಳುಗಿತು. ಹಿಂದಿನ ಇಬ್ಬರೂ ಮುಂದೆ ಬಂದು ನಿಂತರು.