ಒಂದೇ ಕೀಬೋರ್ಡು, ಎರಡು ಸ್ಕ್ರೀನ್ ರೀಡರು

ವರ್ಚುವಲ್ ಮಷೀನ್ ಅಂದ್ರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದಲೇ ಓಡೋ ಇನ್ನೊಂದು ಕಂಪ್ಯೂಟರ್. ಕಣ್ಣು ಕಾಣೋರಿಗೆ ಅದು ಇನ್ನೊಂದು ವಿಂಡೋ ಅಷ್ಟೆ, ಆದ್ರೆ ಪರದೆ ಮೇಲಿರೋದನ್ನ ಅಂಧರಿಗೆ ಓದಿ ಹೇಳೋ ಹೊರಗಿನ ಸ್ಕ್ರೀನ್ ರೀಡರ್‌ಗೆ ಆ ವಿಂಡೋ ಒಳಗಿರೋದೆಲ್ಲ ಬರೀ ಚಿತ್ರ, ಬಟನ್ನು ಮೆನು ಯಾವ್ದೂ ಕಾಣಲ್ಲ. ಹಾಗಾಗಿ ಒಳಗೂ ಒಂದು ಸ್ಕ್ರೀನ್ ರೀಡರ್ ಹಾಕ್ಲೇಬೇಕು. ಕೀಬೋರ್ಡ್ ಮಾತ್ರ ಒಂದೇ, ತೊಂದ್ರೆ ಶುರುವಾಗೋದೇ ಅಲ್ಲಿ.

ಹೊರಗೂ ಒಳಗೂ ವಿಂಡೋಸು, ಎರಡ್ರಲ್ಲೂ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಇದೆ ಅಂತಿಟ್ಕೊಳ್ಳಿ. ಒಳಗೆ ತೆರೆದಿರೋ ಫೈಲಿನ ಟೈಟಲ್ ಕೇಳೋಣ ಅಂತ ಇನ್ಸರ್ಟ್ ಜೊತೆ ಟಿ ಒತ್ತಿದ್ರೆ ಹೊರಗಿಂದು ಮಧ್ಯೆ ಬಾಯಿ ಹಾಕಿ ವರ್ಚುವಲ್ ಮಷೀನಿನ ಹೆಸರು ಓದಿಬಿಡುತ್ತೆ. ವಿಂಡೋಸಲ್ಲಿ ಒತ್ತಿದ ಕೀ ಆಪ್‌ಗೆ ಮುಟ್ಟೋ ಮುಂಚೆ ಹುಕ್‌ಗಳನ್ನ, ಅಂದ್ರೆ ಕೀನ ಮಧ್ಯದಲ್ಲೇ ಹಿಡಿಯೋಕೆ ಸಾಫ್ಟ್‌ವೇರ್‌ಗಳು ಹಾಕಿರೋ ಕೊಕ್ಕೆಗಳನ್ನ, ದಾಟ್ಕೊಂಡು ಹೋಗ್ಬೇಕು, ಸ್ಕ್ರೀನ್ ರೀಡರ್ ಅಲ್ಲೇ ಕಾದಿದ್ದು ತನಗೆ ಬೇಕಾದ ಕೀನ ನುಂಗಿಬಿಡುತ್ತೆ, ಕೆಲವು ವರ್ಚುವಲ್ ಮಷೀನ್ ಸಾಫ್ಟ್‌ವೇರ್‌ಗಳೂ ಅಲ್ಲೇ ಹುಕ್ ಹಾಕಿರ್ತವೆ, ಇವರಲ್ಲಿ ಯಾರು ಆಮೇಲೆ ಬಂದ್ರೋ ಅವರಿಗೇ ಕೀ ಮೊದಲು ಸಿಗೋದು. ಅದಕ್ಕೇ ಅಷ್ಟೊತ್ತು ಸರಿಯಾಗಿದ್ದ ಶಾರ್ಟ್‌ಕಟ್ಟು ಹೊರಗಿನ ಎನ್‌ವಿಡಿಎ ರೀಸ್ಟಾರ್ಟ್ ಆದ್ಮೇಲೆ ಕೈಕೊಡಬಹುದು. ಪ್ರೋಗ್ರಾಮಿಂಗ್ ಕಲಿಯೋ, ಸಾಫ್ಟ್‌ವೇರ್ ಟೆಸ್ಟ್ ಮಾಡೋ ಅಂಧರಿಗೆ ಇದು ಸಣ್ಣ ಕಿರಿಕಿರಿ ಅಲ್ಲ, ಕೆಲಸಾನೇ ನಿಂತುಹೋಗುತ್ತೆ.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇ ಉಪಾಯ ಸ್ಲೀಪ್ ಮೋಡ್. ವರ್ಚುವಲ್ ಮಷೀನ್ ವಿಂಡೋದಲ್ಲಿದ್ದಾಗ ಎನ್‌ವಿಡಿಎ ಕೀ (ಇನ್ಸರ್ಟ್ ಅಥವಾ ಕ್ಯಾಪ್ಸ್ ಲಾಕ್), ಶಿಫ್ಟ್, ಎಸ್ ಒಟ್ಟಿಗೆ ಒತ್ತಿ, ಎನ್‌ವಿಡಿಎನ ಲ್ಯಾಪ್‌ಟಾಪ್ ಕೀಬೋರ್ಡ್ ಲೇಔಟಲ್ಲಿ ಎಸ್ ಬದ್ಲು ಜೆಡ್. ಆ ಒಂದು ಪ್ರೋಗ್ರಾಮಲ್ಲಿ ಮಾತ್ರ ಹೊರಗಿನ ಎನ್‌ವಿಡಿಎ ಸುಮ್ಮನಾಗುತ್ತೆ, ಬೇರೆ ಕಡೆ ಹೋದ್ರೆ ಮತ್ತೆ ಮಾತಾಡುತ್ತೆ. ವರ್ಚುವಲ್ ಮಷೀನಿಂದ ಆಚೆ ಬರೋಕೆ ಹೋಸ್ಟ್ ಕೀ ಇದೆ, ಅದು ಯಾವ ವರ್ಚುವಲ್ ಮಷೀನ್ ಸಾಫ್ಟ್‌ವೇರ್ ಅನ್ನೋದ್ರ ಮೇಲಿದೆ, ವಿಂಡೋಸ್ ಮೇಲಿನ ವರ್ಚುವಲ್‌ಬಾಕ್ಸಲ್ಲಿ ಬಲಗಡೆ ಕಂಟ್ರೋಲ್, ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ ಕಂಟ್ರೋಲ್ ಆಲ್ಟ್. ಈ ಎರಡನೇದು ಸ್ವಲ್ಪ ತಲೆನೋವು, ಯಾಕಂದ್ರೆ ಎನ್‌ವಿಡಿಎನಲ್ಲಿ ಟೇಬಲ್ ಒಳಗೆ ಓಡಾಡೋಕೂ ಕಂಟ್ರೋಲ್ ಆಲ್ಟ್ ಜೊತೆ ಬಾಣದ ಕೀಗಳೇ ಬೇಕು, ಆದ್ರೆ ಆ ಹೋಸ್ಟ್ ಕೀನ ವಿಎಂವೇರ್‌ನ ಪ್ರಿಫರೆನ್ಸಸ್‌ನಲ್ಲಿ ಬದಲಾಯಿಸ್ಕೋಬಹುದು, ಮೊದಲು ಅದನ್ನ ಮಾಡಿ.

ಮ್ಯಾಕ್‌ನಲ್ಲಿ ಕಥೆ ಬೇರೆ. ಅಲ್ಲಿನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್‌ಗೆ ಕಂಟ್ರೋಲ್ ಆಪ್ಷನ್ ಬೇಕು, ಅದೇ ಒಳಗಿನ ವಿಂಡೋಸ್‌ಗೆ ಕಂಟ್ರೋಲ್ ಆಲ್ಟ್, ಹಾಗಾಗಿ ಒಳಗೆ ಹೋದಾಗ ಕಮಾಂಡ್ ಎಫ್5 ಒತ್ತಿ ವಾಯ್ಸ್‌ಓವರ್ ಆಫ್ ಮಾಡೋದೇ ಸುಲಭ. ಮ್ಯಾಕ್‌ಬುಕ್‌ನಲ್ಲಿ ಇನ್ಸರ್ಟ್ ಕೀನೇ ಇಲ್ಲ, ಕ್ಯಾಪ್ಸ್ ಲಾಕ್ ಹಿಡ್ಕೊಂಡಿದ್ದೀವಿ ಅನ್ನೋದು ಒಳಗಡೆಗೆ ಸರಿಯಾಗಿ ತಿಳಿಯದೇ ಇರೋದೂ ಉಂಟು. ಆಗ ಒಳಗಿನ ವಿಂಡೋಸಲ್ಲಿ ಒಂದು ಕೀನ ಇನ್ನೊಂದಾಗಿ ಬದಲಾಯಿಸೋ ಶಾರ್ಪ್‌ಕೀಸ್ ಸಾಫ್ಟ್‌ವೇರ್ ಹಾಕಿ ಬಲಗಡೆ ವಿಂಡೋಸ್ ಕೀನ ಇನ್ಸರ್ಟ್ ಮಾಡ್ಕೊಂಡ್ರೆ ಬಲಗಡೆ ಕಮಾಂಡ್ ಒತ್ತಿದ್ರೆ ಸಾಕು, ಆದ್ರೆ ಅದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನ ಇಡೋ ರಿಜಿಸ್ಟ್ರಿಯಲ್ಲಿ ಬರೆಯೋದ್ರಿಂದ ಒಂದ್ಸಲ ರೀಸ್ಟಾರ್ಟ್ ಮಾಡೋವರೆಗೂ ಏನೂ ಬದಲಾಗಲ್ಲ.