ಬೋರ್ಡಿಂಗ್ ಪಾಸಿನ ಮೇಲಿನ ಪೆನ್ನಿನ ಸುತ್ತು

ಚೆಕ್-ಇನ್ ಕೌಂಟರಿನ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಕೈಗೆ ಕೊಡುವ ಮುನ್ನ ಬಾಲ್‌ಪೆನ್ನಿನಿಂದ ಅದರ ಮೇಲೆ ಎರಡು ಮೂರು ಸುತ್ತು ಹಾಕುವುದನ್ನು ವಿಮಾನ ಹತ್ತಿದವರಲ್ಲಿ ಹಲವರು ಗಮನಿಸಿರುತ್ತಾರೆ. ಗೇಟ್ ಸಂಖ್ಯೆಗೆ ಒಂದು, ವಿಮಾನ ಹತ್ತುವ ಸಮಯಕ್ಕೆ ಒಂದು, ಕೆಲವೊಮ್ಮೆ ಸೀಟಿಗೆ ಇನ್ನೊಂದು. ಅಚ್ಚಾಗಿ ಬಂದ ಚೀಟಿಯನ್ನು ಓದಿಸಲು ಪೆನ್ನಿನ ನೆರವು ಬೇಕಾಗುತ್ತದೆಂದರೆ ಅದರ ವಿನ್ಯಾಸದಲ್ಲೇ ಕೊರತೆಯಿದೆ ಎಂದಾಯಿತು. ಈ ಕೊರತೆಗೆ ಯಾರೋ ಒಬ್ಬರ ಉದಾಸೀನವನ್ನು ದೂರುವುದು ಸುಲಭ. ಆದರೆ ಇತಿಹಾಸವನ್ನು ನೋಡಿದರೆ, ಪಾಸನ್ನು ಓದಬೇಕಾದವರ ಸರದಿಯಲ್ಲಿ ಪ್ರಯಾಣಿಕನಿಗೆ ಮೊದಲಿನಿಂದಲೂ ಕೊನೆಯ ಜಾಗವೇ ಸಿಕ್ಕಿರುವುದು ಕಾಣುತ್ತದೆ.

ಕಂಪ್ಯೂಟರ್ ಬರುವ ಮೊದಲು ಪಾಸೆಂದರೆ ವಿಮಾನದ ಸಂಖ್ಯೆಯನ್ನೂ ಸೀಟನ್ನೂ ಕೈಯಲ್ಲಿ ಬರೆದುಕೊಟ್ಟ ರಟ್ಟಿನ ತುಂಡಾಗಿತ್ತು. 1960ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ಕಟ್ಟಿದ ಸೇಬರ್‌ನಂಥ ಕಾಯ್ದಿರಿಸುವಿಕೆ ವ್ಯವಸ್ಥೆಗಳು ಬಂದಾಗ, ಮಾಹಿತಿ ಟೆಲಿಟೈಪ್ ತಂತಿಗಳ ಮೇಲೆ ಓಡಾಡತೊಡಗಿತು. ಆ ತಂತಿಗಳಿಗೆ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಗೊತ್ತಿದ್ದವು ಮತ್ತು ಒಂದೊಂದು ಅಕ್ಷರಕ್ಕೂ ಲೆಕ್ಕವಿತ್ತು. ಇಂದಿಗೂ ಪಾಸಿನ ತುಂಬ ದೊಡ್ಡಕ್ಷರಗಳೇ ಇರುವುದಕ್ಕೂ, ಹೆಸರಿಗೆ ‘ಮಿಸ್ಟರ್’ನ ಹ್ರಸ್ವರೂಪವಾದ ‘ಎಂಆರ್’ ಜಾಗವೇ ಬಿಡದೆ ಅಂಟಿಕೊಳ್ಳುವುದಕ್ಕೂ, ಊರುಗಳು ಮೂರಕ್ಷರಗಳಿಗೆ ಕುಗ್ಗಿರುವುದಕ್ಕೂ ಆ ಕಾಲದ ಮಿತವ್ಯಯವೇ ಮೂಲ. ಬೆಂಗಳೂರಿನ ‘ಬಿಎಲ್‌ಆರ್’ ಹೇಗೋ ಗುರುತು ಸಿಗುತ್ತದೆ. ಮಂಗಳೂರಿನ ‘ಐಎಕ್ಸ್‌ಇ’ಯಲ್ಲಿ ಮಂಗಳೂರನ್ನು ಹುಡುಕುವುದು ವ್ಯರ್ಥ.

ಇಂದು ನಾವು ಬಲ್ಲ ಉದ್ದನೆಯ ಕಾರ್ಡಿನ ಆಕಾರಕ್ಕೆ ಬುನಾದಿ ಬಿದ್ದದ್ದು 1983ರಲ್ಲಿ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘವಾದ ಐಯಾಟಾ ಆ ವರ್ಷ ಟಿಕೆಟನ್ನೂ ಬೋರ್ಡಿಂಗ್ ಪಾಸನ್ನೂ ಒಂದೇ ಕಾರ್ಡಿನಲ್ಲಿ ಸೇರಿಸಿ, ಹಿಂಬದಿಗೆ ಮ್ಯಾಗ್ನೆಟಿಕ್ ಪಟ್ಟಿಯೊಂದನ್ನು ಕೊಟ್ಟಿತು. ಸುಮಾರು 8 ಇಂಚು ಉದ್ದ, ಮೂರೂಕಾಲು ಇಂಚು ಅಗಲದ ಈ ಕಾರ್ಡಿಗೆ ತಕ್ಕ ಪ್ರಿಂಟರುಗಳು ಜಗತ್ತಿನ ಕೌಂಟರುಗಳನ್ನು ಸೇರಿದವು. ಇದೇ ಕಾಲಕ್ಕೆ ಹಲವು ವಿಮಾನ ಸಂಸ್ಥೆಗಳು ಒಂದೇ ಕೌಂಟರನ್ನೂ ಒಂದೇ ಪ್ರಿಂಟರನ್ನೂ ಹಂಚಿಕೊಳ್ಳುವ ಪದ್ಧತಿಯೂ ಬೆಳೆಯಿತು. ಇಂಥ ಪ್ರಿಂಟರಿಗೆ ವಿಮಾನ ಸಂಸ್ಥೆ ಪಾಸಿನ ಚಿತ್ರವನ್ನೇನೂ ಕಳಿಸುವುದಿಲ್ಲ. ಯಾವ ಮಾಹಿತಿ ಎಷ್ಟನೆಯ ಸಾಲಿನಲ್ಲಿ, ಎಷ್ಟು ದೊಡ್ಡದಾಗಿ ಬರಬೇಕೆಂಬ ಕೋಷ್ಟಕವೊಂದನ್ನು ಮೊದಲೇ ಪ್ರಿಂಟರಿನ ನೆನಪಿನಲ್ಲಿ ಇಟ್ಟು, ಆಮೇಲೆ ಬರಿಯ ದತ್ತಾಂಶವನ್ನಷ್ಟೇ ಕಳಿಸುತ್ತದೆ. ವಿನ್ಯಾಸ ಬದಲಿಸುವುದೆಂದರೆ ತಾನು ಹಾರುವ ಪ್ರತಿಯೊಂದು ನಿಲ್ದಾಣದಲ್ಲೂ, ಬೇರೆಯವರ ಒಡೆತನದ ಯಂತ್ರಗಳಲ್ಲಿ ಆ ಕೋಷ್ಟಕವನ್ನು ಬದಲಿಸಿ ಪರೀಕ್ಷಿಸುವುದು. ಹೀಗಾಗಿ ಇದ್ದ ಕೋಷ್ಟಕಕ್ಕೇ ಹೊಸ ಹೊಸ ಅಂಶಗಳನ್ನು ತುರುಕುವುದೇ ರೂಢಿಯಾಯಿತು.

2008ರ ಜೂನ್ 1ರಿಂದ ಐಯಾಟಾ ಸದಸ್ಯ ಸಂಸ್ಥೆಗಳು ಕಾಗದದ ಟಿಕೆಟನ್ನು ಕೈಬಿಟ್ಟವು. 2010ರ ಕೊನೆಯೊಳಗೆ ಎಲ್ಲ ಪಾಸುಗಳೂ ಬಾರ್‌ಕೋಡಿಗೆ ಬದಲಾಗಬೇಕೆಂಬ ಗುರಿಯೂ ಇತ್ತು, ಮ್ಯಾಗ್ನೆಟಿಕ್ ಪಟ್ಟಿಯ ಕಾಲ ಅಲ್ಲಿಗೆ ಮುಗಿಯಿತು. ಈ ಬಾರ್‌ಕೋಡಿನೊಳಗೆ ಒಂದು ಪ್ರಯಾಣಕ್ಕೆ ಕಡ್ಡಾಯವಾಗಿ ಇರಬೇಕಾದದ್ದು 60 ಅಕ್ಷರಸ್ಥಾನಗಳು. ಹೆಸರು, ಕಾಯ್ದಿರಿಸಿದ ಸಂಖ್ಯೆ, ಹೊರಡುವ ಮತ್ತು ತಲುಪುವ ಊರು, ವಿಮಾನ, ದಿನಾಂಕ, ದರ್ಜೆ, ಸೀಟು, ಚೆಕ್-ಇನ್ ಕ್ರಮಸಂಖ್ಯೆ ಎಲ್ಲವೂ ಇದರಲ್ಲಿ ಅಡಕವಾಗಿರುತ್ತವೆ. ದಿನಾಂಕವನ್ನು ಬರೆಯುವುದು ವರ್ಷದ ಎಷ್ಟನೆಯ ದಿನವೆಂದು. ಫೆಬ್ರವರಿ 1 ಇಲ್ಲಿ 032. ಹೆಸರಿಗೆ ಮೀಸಲಾದದ್ದು 20 ಸ್ಥಾನ. ಹೆಗಡೆ ಮನೆತನದ ಲಕ್ಷ್ಮೀನಾರಾಯಣರನ್ನು ತೆಗೆದುಕೊಳ್ಳಿ: ಇಂಗ್ಲಿಷಿನಲ್ಲಿ ಮನೆತನಕ್ಕೆ 5, ನಡುವಿನ ಓರೆಗೆರೆಗೆ 1, ಹೆಸರಿಗೆ 15, ಒಟ್ಟು 21 ಆಗಿ ಕೊನೆಯ ಅಕ್ಷರಕ್ಕೆ ಜಾಗವಿಲ್ಲ. ನಮ್ಮ ಕಡೆಯ ಹೆಸರುಗಳ ಉದ್ದವನ್ನು ಈ ಲೆಕ್ಕ ಗೊತ್ತುಮಾಡಿದವರಲ್ಲಿ ಯಾರೂ ಎಣಿಸಿದಂತೆ ತೋರುವುದಿಲ್ಲ.

ಯಂತ್ರ ಓದುವ ಭಾಗ ಬಾರ್‌ಕೋಡಿಗೆ ಹೋದ ಮೇಲೆ ಉಳಿದ ಜಾಗವೆಲ್ಲ ಮನುಷ್ಯನಿಗೆ ಸಲ್ಲಬೇಕಿತ್ತು. ಈ ಮಾತನ್ನು ಗಟ್ಟಿಯಾಗಿ ಎತ್ತಿದವರು ವಿನ್ಯಾಸಕಾರ ಟೈಲರ್ ಥಾಂಪ್ಸನ್. 2010ರಲ್ಲಿ ಅವರು ಡೆಲ್ಟಾ ಸಂಸ್ಥೆಯ ಪಾಸೊಂದನ್ನು ಮುಂದಿಟ್ಟುಕೊಂಡು, ಯಾವುದು ಮುಖ್ಯ ಯಾವುದು ಅಮುಖ್ಯವೆಂಬ ಭೇದವೇ ಇಲ್ಲದೆ ಎಲ್ಲವನ್ನೂ ಚೆಲ್ಲಿದಂತಿದೆ ಎಂದು ಟೀಕಿಸಿ, ಮುಖ್ಯ ಮಾಹಿತಿಯನ್ನು ದೊಡ್ಡದಾಗಿ ತೋರಿಸುವ ತಮ್ಮದೇ ಮಾದರಿಗಳನ್ನು ಪ್ರಕಟಿಸಿದರು. ಹಲವರು ಇದನ್ನೇ ಸವಾಲಾಗಿ ತೆಗೆದುಕೊಂಡು ತಮ್ಮ ತಮ್ಮ ಮಾದರಿಗಳನ್ನು ರಚಿಸಿದರು. ಕೆಲವು ವರ್ಷಗಳ ನಂತರ ಬ್ರಿಟನ್ನಿನ ಪೀಟರ್ ಸ್ಮಾರ್ಟ್ ಪಾಸನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ, ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಲು ಅನುಕೂಲವಾಗುವ ಮಾದರಿಯನ್ನು ಮಾಡಿದರು. ಮಾದರಿಗಳು ಚೆಂದವಿದ್ದವು, ಆದರೆ ಅನೇಕವು ಬಣ್ಣವನ್ನು ನೆಚ್ಚಿಕೊಂಡಿದ್ದವು. ಕೌಂಟರಿನ ಥರ್ಮಲ್ ಪ್ರಿಂಟರಿಗೆ ಶಾಯಿಯೇ ಇಲ್ಲ. ಬಿಸಿ ತಾಗಿದಲ್ಲಿ ಕಾಗದ ಕಪ್ಪಾಗುತ್ತದೆ, ಅಷ್ಟೇ.

ಹಾಗಾದರೆ ಕಪ್ಪಿನಲ್ಲೇ ಏನೂ ಮಾಡಲಾಗದೇ? ನನ್ನ ಮಟ್ಟಿಗೆ ವಾದದ ತಿರುಳು ಇಲ್ಲಿದೆ. ಅಕ್ಷರದ ಗಾತ್ರ, ದಪ್ಪ, ಸುತ್ತಲಿನ ಖಾಲಿ ಜಾಗ ಇವಕ್ಕೆ ಬಣ್ಣ ಬೇಕಿಲ್ಲ. ವಿಮಾನ ಹೊರಡುವ ಸಮಯವನ್ನೂ ಹತ್ತುವ ಸಮಯವನ್ನೂ ಒಂದೇ ಗಾತ್ರದಲ್ಲಿ ಅಕ್ಕಪಕ್ಕ ಮುದ್ರಿಸಿದರೆ, ಹೊರಡುವ ಸಮಯಕ್ಕೆ ಸರಿಯಾಗಿ ಗೇಟಿಗೆ ಬಂದವರು ಆಗಲೇ ಮುಚ್ಚಿದ ಬಾಗಿಲನ್ನು ನೋಡಬೇಕಾಗುತ್ತದೆ. ಸಿಬ್ಬಂದಿಯ ಲೆಕ್ಕಕ್ಕಷ್ಟೇ ಬೇಕಾದ ಕ್ರಮಸಂಖ್ಯೆ ಸೀಟಿನ ಪಕ್ಕದಲ್ಲೇ ಕುಳಿತರೆ, ಮೊದಲ ಸಲ ಹೊರಟವರು ಅದನ್ನೇ ಸೀಟೆಂದು ತಿಳಿದು ವಿಮಾನದೊಳಗೆ ತಡಕಾಡುವುದರಲ್ಲಿ ಅಚ್ಚರಿಯಿಲ್ಲ.

ಭಾರತದಲ್ಲಿ ಈ ಚೀಟಿಗೆ ಇನ್ನೂ ಇಬ್ಬರು ಓದುಗರಿದ್ದರು. ಒಬ್ಬರು ಭದ್ರತಾ ತಪಾಸಣೆಯ ಬಳಿಕ ಮೊಹರು ಒತ್ತುವ ಸಿಐಎಸ್‌ಎಫ್ ಸಿಬ್ಬಂದಿ. ಮೊಹರಿಗೆಂದು ಬಿಟ್ಟ ಜಾಗವಿಲ್ಲದಿದ್ದರೆ ಅದು ಗೇಟ್ ಸಂಖ್ಯೆಯ ಮೇಲೇ ಬೀಳುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 7 ನಿಲ್ದಾಣಗಳಲ್ಲಿ ಕೈಚೀಲದ ಟ್ಯಾಗಿಗೆ ಮೊಹರು ಒತ್ತುವುದು ನಿಂತಿತು. ಪಾಸಿನ ಮೊಹರು ಹಂತಹಂತವಾಗಿ ಮರೆಯಾಯಿತು. ಇನ್ನೊಬ್ಬ ಓದುಗ ಕಚೇರಿಯ ಲೆಕ್ಕಪತ್ರ ವಿಭಾಗ. ಪ್ರಯಾಣ ಭತ್ಯೆಯ ಬಿಲ್ಲಿಗೆ ಪಾಸನ್ನು ಲಗತ್ತಿಸಬೇಕಾಗಿದ್ದವರಿಗೆ ಥರ್ಮಲ್ ಕಾಗದ ತಿಂಗಳೊಪ್ಪತ್ತಿನಲ್ಲಿ ಮಾಸುತ್ತದೆಂಬುದು ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ಊರಿಗೆ ಬಂದೊಡನೆ ಅದರ ಜೆರಾಕ್ಸ್ ಮಾಡಿಸಿಡುತ್ತಿದ್ದರು.

2012ರಲ್ಲಿ ಆಪಲ್ ಪಾಸು, ಟಿಕೆಟುಗಳನ್ನು ಮೊಬೈಲಿನಲ್ಲೇ ಇಟ್ಟುಕೊಳ್ಳುವ ‘ಪಾಸ್‌ಬುಕ್’ ಎಂಬ ಆ್ಯಪನ್ನು ತಂದಾಗ ಪ್ರಿಂಟರಿನ ಹಂಗು ತಪ್ಪಿತು. ಅಲ್ಲಿ ಪಾಸಿಗೆ ಸಿದ್ಧ ಅಚ್ಚಿದೆ, ತುಂಬಬೇಕಾದ ಅಂಶಗಳಿಗೆ ಮಿತಿಯಿದೆ, ಗೇಟ್ ಬದಲಾದರೆ ಪರದೆಯ ಮೇಲೂ ಬದಲಾಯಿಸಬಹುದು. ಆದರೂ ಆ ಅಚ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಹೊರಡುವ ಮತ್ತು ತಲುಪುವ ಊರುಗಳ ಆ ಮೂರಕ್ಷರಗಳೇ. ತಾನು ಎಲ್ಲಿಂದ ಎಲ್ಲಿಗೆ ಹೊರಟಿದ್ದೇನೆಂಬುದು ಪ್ರಯಾಣಿಕನಿಗೆ ಮೊದಲೇ ಗೊತ್ತಿರುವ ಸಂಗತಿ. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಆರಂಭವಾದ, ಮುಖ ನೋಡಿ ಪ್ರಯಾಣಿಕನನ್ನು ಗುರುತಿಸುವ ಡಿಜಿಯಾತ್ರಾ ವ್ಯವಸ್ಥೆಯಲ್ಲಿ ಮುಖವನ್ನೇ ಪಾಸಿಗೆ ಜೋಡಿಸಲಾಗುತ್ತದೆ. ಬಾಗಿಲುಗಳಲ್ಲಿ ಪಾಸನ್ನು ತೆಗೆದು ತೋರಿಸುವ ಪ್ರಮೇಯವೇ ಇಲ್ಲ.

ಕಾಗದ ಮಾತ್ರ ಪೂರ್ತಿ ಹೋಗಿಲ್ಲ. ಕೌಂಟರಿನಲ್ಲಿ ಪಾಸ್ ಕೊಡಲು ಕೆಲವು ಸಂಸ್ಥೆಗಳು 200 ರೂಪಾಯಿ ವಸೂಲಿ ಮಾಡುತ್ತಿದ್ದಾಗ, ಹಾಗೆ ಪ್ರತ್ಯೇಕ ಶುಲ್ಕ ಪಡೆಯಕೂಡದೆಂದು ನಾಗರಿಕ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲಿ ತಿಳಿಸಿತು. ಮೊಬೈಲಿನ ಸಣ್ಣ ಅಕ್ಷರಗಳನ್ನು ನೆಚ್ಚದ ಹಿರಿಯರು ಈಗಲೂ ಕೌಂಟರಿಗೆ ಹೋಗಿ ಕೇಳಿ ಪಡೆಯುತ್ತಾರೆ. ಪ್ರಿಂಟರಿನಿಂದ ಹೊರಬಂದ ಬಿಸಿ ಕಾಗದವನ್ನು ಹರಿದುಕೊಂಡ ಸಿಬ್ಬಂದಿ ಮೊದಲು ಪೆನ್ನು ತೆಗೆಯುತ್ತಾರೆ, ಗೇಟಿಗೆ ಒಂದು ಸುತ್ತು, ಸಮಯಕ್ಕೆ ಒಂದು ಸುತ್ತು ಹಾಕಿ, ಆಮೇಲೆ ಕೈಗೆ ಕೊಡುತ್ತಾರೆ.